ಹಲವು ಹಟ್ಟಿ, ಒಂದೇ ಮಂದೆ: ಕನ್ನಡ ನಾಡಿನ ಧರ್ಮಾಧ್ಯಕ್ಷರ ಸಹಕಾರದ ಚರಿತ್ರೆ

ಒಂದು ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದಾಗ ಅದರ ಗೋಡೆ ಗೋಪುರಗಳನ್ನೂ, ಗಂಟೆಯನ್ನೂ, ಅವನ್ನು ಕಟ್ಟಿಸಿದ ಗುರುಗಳನ್ನೂ, ಬೆವರು ಸುರಿಸಿದ ಭಕ್ತಾದಿಗಳನ್ನೂ ಸ್ಮರಿಸುವುದು ವಾಡಿಕೆ. ಅದು ಧರ್ಮವೂ ಹೌದು. ಆದರೆ ಯಾವ ದೇವಾಲಯವೂ ಒಂಟಿಯಾಗಿ ನಿಂತುದಲ್ಲ. ವಿಚಾರಣೆಯ ಹಿಂದೆ ಧರ್ಮಕ್ಷೇತ್ರವಿದೆ. ಧರ್ಮಕ್ಷೇತ್ರದ ಪಕ್ಕದಲ್ಲಿ ಇನ್ನೊಂದು ಧರ್ಮಕ್ಷೇತ್ರವಿದೆ. ಇವೆಲ್ಲವುಗಳ ಪಾಲಕರಾದ ಧರ್ಮಾಧ್ಯಕ್ಷರು ಒಬ್ಬರೊಡನೊಬ್ಬರು ಕುಳಿತು ಆಲೋಚಿಸುವ ಒಂದು ಪದ್ಧತಿಯಿದೆ. ಈ ಪದ್ಧತಿ ಹೇಗೆ ಹುಟ್ಟಿತು, ನಮ್ಮ ನಾಡಿಗೆ ಹೇಗೆ ಬಂದಿತು, ಅದರಿಂದ ಸಾಮಾನ್ಯ ಭಕ್ತನಿಗೆ ಏನಾಯಿತು ಎಂಬುದನ್ನು ಯಥಾಶಕ್ತಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವ ನಮಗೆ ಈ ವಿಷಯ ಪರಕೀಯವಲ್ಲ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಯಾವುದೇ ವಿಚಾರಣೆಯಲ್ಲಿ ವಿವಾಹಕ್ಕೆ ಹೆಸರು ಬರೆಸಲು ಬರುವ ವಧೂವರರ ಜ್ಞಾನಸ್ನಾನದ ಪತ್ರಗಳನ್ನು ನೋಡಿರಿ. ಒಂದು ಮಂಗಳೂರಿನ ಕಡೆಯದು, ಒಂದು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಣ ಊರಿನದು, ಒಂದು ಮೈಸೂರು ಸೀಮೆಯದು, ಮತ್ತೊಂದು ತಮಿಳುನಾಡಿನದು, ಇನ್ನೊಂದು ಕೇರಳದ್ದು. ಉದ್ಯೋಗವನ್ನು ಅರಸಿ ಬಂದವರ ಈ ಬಡಾವಣೆಗಳಲ್ಲಿ ಒಂದೊಂದು ವಿಚಾರಣೆಯೂ ಒಂದು ಕಿರು ಕರ್ನಾಟಕವೇ ಆಗಿದೆ. ಹೀಗಿರುವಲ್ಲಿ ನಾಡಿನ ಧರ್ಮಕ್ಷೇತ್ರಗಳ ನಡುವಣ ಬಾಂಧವ್ಯವು ಧರ್ಮಾಧ್ಯಕ್ಷರಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ನಾವು ಹೇಗೆ ಹೇಳೋಣ?

ಆಫ್ರಿಕ ಕಲಿಸಿದ ಮೊದಲ ಪಾಠ

ಪ್ರೇಷಿತರು ಜೆರುಸಲೇಮಿನಲ್ಲಿ ಸಭೆ ಸೇರಿ, ಅನ್ಯಜನಾಂಗಗಳಿಂದ ಬಂದ ವಿಶ್ವಾಸಿಗಳ ಕುರಿತು ಒಮ್ಮತದಿಂದ ತೀರ್ಮಾನಿಸಿದ ವೃತ್ತಾಂತವನ್ನು ನಾವು ಪ್ರೇಷಿತರ ಕಾರ್ಯಕಲಾಪಗಳ ಗ್ರಂಥದ 15ನೆಯ ಅಧ್ಯಾಯದಲ್ಲಿ ಓದುತ್ತೇವೆ. ಈ ಮೇಲ್ಪಂಕ್ತಿಯನ್ನು ಹಿಡಿದು ಒಂದು ಪ್ರದೇಶದ ಧರ್ಮಾಧ್ಯಕ್ಷರೆಲ್ಲರೂ ಮತ್ತೆ ಮತ್ತೆ ಕೂಡಿ ವಿಚಾರ ಮಾಡುವ ಪರಿಪಾಠವನ್ನು ಬಹು ಚೆನ್ನಾಗಿ ಬೆಳೆಸಿದ ನಾಡು ಯಾವುದು? ಯೂರೋಪಲ್ಲ, ಉತ್ತರ ಆಫ್ರಿಕ. ಇಂದಿನ ಟುನೀಸಿಯ ದೇಶದಲ್ಲಿದ್ದ ಕಾರ್ಥೇಜ್ ನಗರದ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯಾನರು 256ನೆಯ ಇಸವಿಯಲ್ಲಿ ಕರೆದ ಸಭೆಗೆ 87 ಮಂದಿ ಧರ್ಮಾಧ್ಯಕ್ಷರು ಬಂದಿದ್ದರು. ಒಬ್ಬೊಬ್ಬರೂ ಎದ್ದು ತಮ್ಮ ಅಭಿಪ್ರಾಯವನ್ನು ಹೇಳಿದರು; ಅವುಗಳ ದಾಖಲೆ ಇಂದಿಗೂ ಉಳಿದಿದೆ.

ಆ ಸಭೆಯ ಮುಂದಿದ್ದ ಪ್ರಶ್ನೆ, ಪಾಷಂಡಿಗಳಿಂದ ಜ್ಞಾನಸ್ನಾನ ಪಡೆದವರಿಗೆ ಮತ್ತೆ ಜ್ಞಾನಸ್ನಾನ ಕೊಡಬೇಕೆ ಎಂಬುದು. ಕೊಡಬೇಕೆಂದು ಆಫ್ರಿಕದವರು ನಿರ್ಣಯಿಸಿದರು. ಬೇಡವೆಂದು ರೋಮಿನ ಜಗದ್ಗುರು ಸ್ತೆಫಾನರು ಹೇಳಿದರು. ಮುಂದೆ ಇಡೀ ಧರ್ಮಸಭೆ ಒಪ್ಪಿದ್ದು ರೋಮಿನ ಮಾತನ್ನೇ. ಸಿಪ್ರಿಯಾನರಾದರೋ 258ರಲ್ಲಿ ರಕ್ತಸಾಕ್ಷಿಯಾಗಿ ಪ್ರಾಣವನ್ನರ್ಪಿಸಿದರು. ರೋಮಿನ ಬಲಿಪೂಜೆಯ ಪ್ರಾಚೀನ ಪ್ರಾರ್ಥನೆಯಲ್ಲಿಯೇ ಅವರ ನಾಮಸ್ಮರಣೆ ಸೇರಿಹೋಯಿತು. ಇದರಲ್ಲಿ ಎರಡು ಪಾಠಗಳಿವೆ. ಧರ್ಮಾಧ್ಯಕ್ಷರು ಕೂಡಿ ಆಲೋಚಿಸುವುದು ಧರ್ಮಸಭೆಯ ಜನ್ಮಸಿದ್ಧ ಸ್ವಭಾವ ಎಂಬುದು ಒಂದು. ಒಂದು ಪ್ರಾಂತ್ಯದ ಸಭೆಯು ವಿಶ್ವದ ಧರ್ಮಸಭೆಯೊಡನೆ ಬೆಸೆದುಕೊಂಡಿರುವ ತನಕ ಮಾತ್ರ ಅದರ ತೀರ್ಮಾನಕ್ಕೆ ಬಾಳಿಕೆ ಎಂಬುದು ಇನ್ನೊಂದು.

ಸಿಪ್ರಿಯಾನರ ತರುವಾಯ 393ರಲ್ಲಿ ಹಿಪ್ಪೋ ನಗರದಲ್ಲಿಯೂ, 397ರಲ್ಲಿ ಕಾರ್ಥೇಜಿನಲ್ಲಿಯೂ ಸೇರಿದ ಆಫ್ರಿಕದ ಸಭೆಗಳು ಪವಿತ್ರ ಗ್ರಂಥದಲ್ಲಿ ಯಾವ ಯಾವ ಪುಸ್ತಕಗಳು ಸೇರಿರಬೇಕೆಂದು ಪಟ್ಟಿ ಮಾಡಿದವು. ಈ ಸಭೆಗಳಿಗೆ ಬುದ್ಧಿಬಲವನ್ನು ನೀಡಿದವರು ಮಹಾಜ್ಞಾನಿ ಸಂತ ಅಗಸ್ತೀನರು. ಮನೆಮನೆಗಳಲ್ಲಿ ನಾವು ಭಕ್ತಿಯಿಂದ ತೆರೆಯುವ ಬೈಬಲಿನ ಹಿಂದೆ ಆಫ್ರಿಕದ ಧರ್ಮಾಧ್ಯಕ್ಷರ ಸಮಾಲೋಚನೆಯೂ ಇದೆ ಎಂಬುದನ್ನು ಎಷ್ಟು ಮಂದಿ ಬಲ್ಲೆವು?

ಹರಿದು ಹಂಚಿಹೋಗಿದ್ದ ಕನ್ನಡ ನಾಡು

ಇನ್ನು ನಮ್ಮ ನಾಡಿನ ಕಡೆಗೆ ದೃಷ್ಟಿ ಹರಿಸೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ನಾಡು ರಾಜಕೀಯವಾಗಿ ಹೇಗೆ ಹಲವು ಸರಕಾರಗಳ ಪಾಲಾಗಿತ್ತೋ, ಧಾರ್ಮಿಕವಾಗಿಯೂ ಹಾಗೆಯೇ ಹಲವು ಆಡಳಿತಗಳ ಪಾಲಾಗಿತ್ತು. ಉತ್ತರ ಕನ್ನಡ ಹಾಗೂ ಬೆಳಗಾವಿಯ ಪ್ರದೇಶಗಳು ಪೋರ್ಚುಗೀಸರ ಗೋವೆಗೆ ಅಧೀನವಾಗಿದ್ದವು. ಮಂಗಳೂರು ಪ್ರಾಂತ್ಯವು ಕೇರಳದ ವರಾಪ್ಪುಳದಿಂದ 1845ರಲ್ಲಿ ಬೇರ್ಪಟ್ಟು, ಕಾರ್ಮೆಲ್ ಮಠದ ಗುರುಗಳ ಕೈಯಲ್ಲಿತ್ತು; 1878ರ ಡಿಸೆಂಬರ್ 31ರಂದು ಇಟಲಿಯಿಂದ ಯೇಸುಸಭೆಯ ಗುರುಗಳು ಅಲ್ಲಿಗೆ ಬಂದಿಳಿದರು. ಬೆಂಗಳೂರು, ಮೈಸೂರು, ಕೊಡಗುಗಳು ಪಾಂಡಿಚೇರಿಯಿಂದ ಬೇರೆಯಾಗಿ 1850ರಲ್ಲಿ ಮೈಸೂರಿನ ಪ್ರತ್ಯೇಕ ಪ್ರಾಂತ್ಯವಾದವು. ಅಲ್ಲಿ ದುಡಿದವರು ಪ್ಯಾರಿಸ್ ನಗರದ ವಿದೇಶೀ ಮಿಶನ್ ಸಂಸ್ಥೆಯ ಫ್ರೆಂಚ್ ಗುರುಗಳು. ಬಳ್ಳಾರಿ ಮದರಾಸಿಗೆ ಸೇರಿತ್ತು. ನಿಜಾಮನ ಸೀಮೆಯ ಕನ್ನಡ ಜಿಲ್ಲೆಗಳು ಹೈದರಾಬಾದಿಗೂ, ಧಾರವಾಡ ಬಿಜಾಪುರಗಳ ಕಡೆಯವು ಪುಣೆಗೂ ಸೇರಿದ್ದವು.

ಈ ಗುರುಗಳು ಪ್ರಾತಃಸ್ಮರಣೀಯರು. ಅವರ ತ್ಯಾಗವಿಲ್ಲದೆ ನಾವಿಲ್ಲ. ಆದರೂ ಸತ್ಯವನ್ನು ಹೇಳಬೇಕು. ಗೋವೆಯವರು ಪೋರ್ಚುಗೀಸ್ ಪದ್ಧತಿಯನ್ನೂ, ಮೈಸೂರಿನವರು ಫ್ರೆಂಚ್ ಪದ್ಧತಿಯನ್ನೂ, ಮಂಗಳೂರಿನವರು ಇಟಲಿಯ ಪದ್ಧತಿಯನ್ನೂ ತಂದರು. ಪೋರ್ಚುಗಲ್ ದೊರೆಯ ಧರ್ಮಪೋಷಣೆಯ ಹಕ್ಕಿಗೂ ರೋಮಿನ ಧರ್ಮಪ್ರಚಾರ ಪೀಠಕ್ಕೂ ನಡುವೆ ಎದ್ದ ಜಟಾಪಟಿಯು ಕರಾವಳಿಯ ಊರೂರಿನಲ್ಲಿಯೂ ಭಕ್ತರನ್ನು ಇಬ್ಭಾಗ ಮಾಡಿತ್ತು. ಮಂಗಳೂರಿನ ಕಥೋಲಿಕನಿಗೂ ಮೈಸೂರಿನ ಕಥೋಲಿಕನಿಗೂ ಇದ್ದ ಸಂಬಂಧವು ರೋಮಿನ ಮೂಲಕವೇ ಹೊರತು ನೇರವಾಗಿ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಪಶ್ಚಿಮ ಘಟ್ಟವು ಎತ್ತರವಾಗಿತ್ತು. ಆಡಳಿತದ ಗೋಡೆ ಇನ್ನೂ ಎತ್ತರವಾಗಿತ್ತು.

ಈ ಗೋಡೆಯಲ್ಲಿ ಮೊದಲ ಬಾಗಿಲನ್ನು ತೆರೆದವರು ಜಗದ್ಗುರು ಹದಿಮೂರನೆಯ ಲಿಯೋ ಅವರು. 1886ರಲ್ಲಿ ಪೋರ್ಚುಗಲ್ ಸರಕಾರದೊಡನೆ ಒಪ್ಪಂದ ಮಾಡಿಕೊಂಡು, ಅದೇ ವರ್ಷ ಸೆಪ್ಟೆಂಬರ್ 1ರಂದು ಭಾರತದಲ್ಲಿ ಧರ್ಮಾಧ್ಯಕ್ಷರ ಕ್ರಮಬದ್ಧವಾದ ಶ್ರೇಣಿಯನ್ನು ಸ್ಥಾಪಿಸಿದರು. ಮೈಸೂರು, ಮಂಗಳೂರುಗಳು ಪೂರ್ಣ ಧರ್ಮಕ್ಷೇತ್ರಗಳಾದವು. ಈ ಶಾಸನವನ್ನು ಪ್ರಕಟಿಸುವುದಕ್ಕಾಗಿ ಜಗದ್ಗುರುಗಳ ಪ್ರತಿನಿಧಿ ಅಲಿಯಾರ್ದಿ ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಧರ್ಮಾಧ್ಯಕ್ಷರು 1887ರ ಜನವರಿಯಲ್ಲಿ ಕೂಡಿದ್ದು ನಮ್ಮ ಬೆಂಗಳೂರಿನಲ್ಲಿಯೇ. ಧರ್ಮಾಧ್ಯಕ್ಷರು ಸೇರುವ ಊರು ಎಂಬ ಹೆಸರು ಬೆಂಗಳೂರಿಗೆ ಅಂದಿನಿಂದ ಅಂಟಿಕೊಂಡಿತು.

ಕೂಡಿ ಕಟ್ಟಿದ ಮನೆಗಳು

ಸಹಕಾರವೆಂಬುದು ಮೊದಲು ಮೂಡಿದ್ದು ಘೋಷಣೆಗಳಲ್ಲಲ್ಲ, ಅಗತ್ಯದಲ್ಲಿ. ಗುರುಗಳನ್ನು ತರಬೇತು ಮಾಡುವ ಗುರುಮಠವನ್ನೇ ತೆಗೆದುಕೊಳ್ಳಿರಿ. ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಬೋಧಿಸುವ ಪಂಡಿತರನ್ನು ಒದಗಿಸುವುದೂ, ಏಳೆಂಟು ವರ್ಷ ವಿದ್ಯಾರ್ಥಿಗಳನ್ನು ಸಾಕುವುದೂ ಒಂದು ಬಡ ಧರ್ಮಕ್ಷೇತ್ರಕ್ಕೆ ನಿಲುಕುವ ಮಾತಲ್ಲ. ಪಾಂಡಿಚೇರಿಯಲ್ಲಿ ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಗುರುಮಠವು 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದು ಸಂತ ಪೇತ್ರರ ಗುರುಮಠವಾಗಿ ನೆಲೆನಿಂತಿತು. ರಾಜಾಜಿನಗರದಿಂದ ನಡೆದು ಹೋಗುವಷ್ಟು ಸಮೀಪದಲ್ಲಿರುವ ಆ ಆವರಣದಲ್ಲಿ ಕರ್ನಾಟಕದ ಮತ್ತು ತಮಿಳುನಾಡಿನ ಧರ್ಮಕ್ಷೇತ್ರಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಪೀಠದ ಮುಂದೆ ಮೊಣಕಾಲೂರಿ ಗುರುಗಳಾದರು. ಮಂಗಳೂರಿನ ಜೆಪ್ಪುವಿನಲ್ಲಿ 1879ರಲ್ಲಿ ಸ್ಥಾಪಿತವಾದ ಸಂತ ಜೋಸೆಫರ ಗುರುಮಠವೂ ಹೀಗೆಯೇ ಹಲವು ಧರ್ಮಕ್ಷೇತ್ರಗಳ ಗುರುಗಳಿಗೆ ತಾಯಿಮನೆಯಾಯಿತು.

1940ರ ಫೆಬ್ರವರಿಯಲ್ಲಿ ಬೆಂಗಳೂರು ಮೈಸೂರಿನಿಂದ ಬೇರೆಯಾಗಿ ಸ್ವಂತ ಧರ್ಮಕ್ಷೇತ್ರವಾಯಿತು. ಮೈಸೂರಿನ ಧರ್ಮಾಧ್ಯಕ್ಷರಾಗಿದ್ದ ದೆಸ್ಪಾತ್ಯೂರ್ ಅವರೇ ಇದರ ಮೊದಲ ಪಾಲಕರಾದರು. ಅವರ ತರುವಾಯ 1942ರಲ್ಲಿ ಬಂದ ಥಾಮಸ್ ಪೋತಕಾಮುರಿ ಅವರು ಇಲ್ಲಿಯ ಮೊದಲ ಭಾರತೀಯ ಧರ್ಮಾಧ್ಯಕ್ಷರು. 1944ರಲ್ಲಿ ಮದರಾಸಿನಲ್ಲಿ ಕೂಡಿದ ಮಹಾಧರ್ಮಾಧ್ಯಕ್ಷರು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯನ್ನು ಕಟ್ಟಿದರು. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ನಾಳಿನ ಸ್ವತಂತ್ರ ದೇಶದಲ್ಲಿ ಧರ್ಮಸಭೆ ಒಂದೇ ಬಾಯಿಂದ ಮಾತನಾಡಬೇಕೆಂಬ ಮುಂದಾಲೋಚನೆ ಅದರಲ್ಲಿತ್ತು.

ಭಾರತವು ಗಣರಾಜ್ಯವಾದ 1950ರ ಜನವರಿಯಲ್ಲಿಯೇ ಇಡೀ ದೇಶದ ಧರ್ಮಾಧ್ಯಕ್ಷರ ಮಹಾಸಭೆಯು ಬೆಂಗಳೂರಿನಲ್ಲಿ ನೆರವೇರಿತು. ಜಗದ್ಗುರು ಹನ್ನೆರಡನೆಯ ಪಿಯುಸ್ ಅವರ ಪ್ರತಿನಿಧಿಯಾಗಿ ಆಸ್ಟ್ರೇಲಿಯದ ಸಿಡ್ನಿಯ ಕಾರ್ಡಿನಲ್ ಗಿಲ್ರಾಯ್ ಅವರು ದಯಮಾಡಿಸಿದ್ದರು. ಮುಂದೆ 1953ರ ಸೆಪ್ಟೆಂಬರ್ 19ರಂದು ಬೆಂಗಳೂರು ಮಹಾಧರ್ಮಕ್ಷೇತ್ರವಾಯಿತು. ಅದೇ ದಿನ ಬೆಳಗಾವಿ ಧರ್ಮಕ್ಷೇತ್ರ ಹುಟ್ಟಿತು. ಕನ್ನಡಿಗರ ರಾಜ್ಯವು ಏಕೀಕರಣಗೊಂಡದ್ದು 1956ರ ನವೆಂಬರ್ 1ರಂದು ಎಂಬುದನ್ನು ನೆನೆದರೆ, ನಾಡು ಒಂದಾಗುವುದಕ್ಕೆ ಮೂರು ವರ್ಷ ಮೊದಲೇ ಧರ್ಮಸಭೆ ಆ ದಾರಿಯಲ್ಲಿ ಹೆಜ್ಜೆಯಿಟ್ಟಿತ್ತೆಂದು ತಿಳಿಯುತ್ತದೆ.

ದೇಶದ ಧರ್ಮಾಧ್ಯಕ್ಷರು ಕೂಡಿ ಮಾಡಿದ ಕೆಲಸಗಳ ಫಲವನ್ನು ಬೆಂಗಳೂರಿಗರು ಕಣ್ಣಾರೆ ಕಂಡವರು. 1963ರಲ್ಲಿ ಆರಂಭವಾದ ಸಂತ ಜಾನರ ವೈದ್ಯಕೀಯ ಕಾಲೇಜು ಯಾವ ಒಂದು ಧರ್ಮಕ್ಷೇತ್ರದ್ದೂ ಅಲ್ಲ. ಭಾರತದ ಧರ್ಮಾಧ್ಯಕ್ಷರೆಲ್ಲರ ಸಾಮೂಹಿಕ ಸಾಹಸ ಅದು. 1967ರಲ್ಲಿ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನೆಗಳ ರಾಷ್ಟ್ರೀಯ ಕೇಂದ್ರವು ಫಾದರ್ ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಇಲ್ಲಿಯೇ ಪ್ರಾರಂಭವಾಯಿತು. 1969ರ ಮೇ ತಿಂಗಳಲ್ಲಿ ಧರ್ಮಾರಾಮ್ ಕಾಲೇಜಿನಲ್ಲಿ ನಡೆದ ಅಖಿಲ ಭಾರತ ವಿಚಾರಗೋಷ್ಠಿಯಲ್ಲಿ ಧರ್ಮಾಧ್ಯಕ್ಷರ ಜೊತೆಗೆ ಗುರುಗಳೂ, ಕನ್ಯಾಸ್ತ್ರೀಯರೂ, ಸಾಮಾನ್ಯ ಭಕ್ತರೂ ಕುಳಿತು ಧರ್ಮಸಭೆಯ ಭವಿಷ್ಯವನ್ನು ಚರ್ಚಿಸಿದರು.

ಭಾಷೆ ಬೇಡಿದ ಒಗ್ಗಟ್ಟು

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಧರ್ಮಾಧ್ಯಕ್ಷರ ಪಾಲನಾಕಾರ್ಯವನ್ನು ಕುರಿತು ಶಾಸನವೊಂದನ್ನು ಹೊರಡಿಸಿತು. ಆದಿಕಾಲದ ಸಭೆಗಳ ಪರಂಪರೆಯನ್ನು ಸ್ಮರಿಸಿ, ಆ ಪದ್ಧತಿ ಹೊಸ ಚೈತನ್ಯದಿಂದ ಚಿಗುರಬೇಕೆಂದು ಹಾರೈಸಿದ ಮಹಾಸಭೆಯು, ದೇಶ ಅಥವಾ ಪ್ರದೇಶದ ಧರ್ಮಾಧ್ಯಕ್ಷರು ಮಂಡಳಿಗಳಾಗಿ ಕೂಡಿ ಕೆಲಸ ಮಾಡಬೇಕೆಂದು ವಿಧಿಸಿತು. ಸಿಪ್ರಿಯಾನರ ಹಳೆಯ ದಾರಿಗೆ ಮತ್ತೆ ದೀಪ ಹಚ್ಚಿದಂತಾಯಿತು.

ಆದರೆ ನಮ್ಮ ನಾಡಿನಲ್ಲಿ ಈ ಒಗ್ಗಟ್ಟನ್ನು ಅನಿವಾರ್ಯಗೊಳಿಸಿದ್ದು ಇನ್ನೊಂದು ಶಾಸನ. 1963ರ ಡಿಸೆಂಬರ್ 4ರಂದು ಪ್ರಕಟವಾದ ದೈವಾರಾಧನೆಯ ಸಂವಿಧಾನವು ಜನರ ಭಾಷೆಯಲ್ಲಿ ಪೂಜೆಗೆ ದಾರಿ ಮಾಡಿತು. ಆದರೆ ಅನುವಾದವನ್ನು ಒಬ್ಬೊಬ್ಬ ಧರ್ಮಾಧ್ಯಕ್ಷರು ತಮಗೆ ತೋಚಿದಂತೆ ಮಾಡುವಂತಿರಲಿಲ್ಲ. ಅದಕ್ಕೆ ಧರ್ಮಾಧ್ಯಕ್ಷರ ಮಂಡಳಿಯ ಸಮ್ಮತಿ ಬೇಕು, ಅದೇ ಭಾಷೆಯಾಡುವ ನೆರೆಯ ಪ್ರದೇಶಗಳ ಧರ್ಮಾಧ್ಯಕ್ಷರೊಡನೆ ಸಮಾಲೋಚನೆಯೂ ಬೇಕು. ಈಗ ಆಲೋಚಿಸಿರಿ. ಕನ್ನಡ ಪೂಜಾಗ್ರಂಥವನ್ನು ಬೆಂಗಳೂರು ಒಂದೇ ಮಾಡಲಾದೀತೆ? ಮೈಸೂರು ಒಂದೇ ಮಾಡಲಾದೀತೆ? ಹಳೆಯ ಮೈಸೂರಿನ ಕನ್ನಡ ಒಂದು ಬಗೆ, ಧಾರವಾಡದ್ದು ಒಂದು ಬಗೆ. ಕರಾವಳಿಯ ಕಥೋಲಿಕರ ಮನೆಮಾತು ಕೊಂಕಣಿ. ಬಳ್ಳಾರಿಯ ಗಡಿಯಲ್ಲಿ ತೆಲುಗು, ಬೆಳಗಾವಿಯ ಗಡಿಯಲ್ಲಿ ಮರಾಠಿ. ರಾಜ್ಯವಾಗಿ ಕೇರಳಕ್ಕೆ ಸೇರಿದ ಕಾಸರಗೋಡು ಪ್ರದೇಶ ಧರ್ಮಕ್ಷೇತ್ರವಾಗಿ ಮಂಗಳೂರಿನಲ್ಲಿಯೇ ಉಳಿದಿದೆ. ಒಂದೇ ಸಂಸ್ಕಾರವನ್ನು ಕೆಲವರು ಜ್ಞಾನಸ್ನಾನವೆಂದರೆ ಕೆಲವರು ದೀಕ್ಷಾಸ್ನಾನವೆನ್ನುತ್ತಾರೆ. ಯಾವ ಮಾತನ್ನು ಬಲಿಪೀಠದ ಮೇಲೆ ಇಡಬೇಕೆಂಬುದನ್ನು ಎಲ್ಲರೂ ಕೂಡಿ ತೀರ್ಮಾನಿಸದೆ ಗತ್ಯಂತರವಿರಲಿಲ್ಲ. ಹೀಗೆ ಕನ್ನಡದ ಬಲಿಪೂಜೆಯು ಕನ್ನಡ ನಾಡಿನ ಧರ್ಮಾಧ್ಯಕ್ಷರನ್ನು ಒಂದೇ ಮೇಜಿನ ಸುತ್ತ ಕೂಡಿಸಿತು.

ಇದೇ ಭಾಷೆಯ ಪ್ರಶ್ನೆ ಬೆಂಗಳೂರಿನಲ್ಲಿ ದಶಕಗಳ ಕಾಲ ಬೇಗುದಿಯನ್ನೂ ತಂದಿತೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ಈ ಮಣ್ಣಿನ ಭಾಷೆಗೆ ದೇವಾಲಯದಲ್ಲಿ ಸಲ್ಲಬೇಕಾದ ಮನ್ನಣೆ ಸಲ್ಲುತ್ತಿಲ್ಲವೆಂದು ಕನ್ನಡಿಗ ಭಕ್ತರು ನೊಂದರು. ತಲೆಮಾರುಗಳಿಂದ ತಮಿಳಿನಲ್ಲಿ ಪ್ರಾರ್ಥಿಸಿದವರು ತಮ್ಮ ತಾಯ್ನುಡಿಯನ್ನು ಕಳೆದುಕೊಳ್ಳುವೆವೋ ಎಂದು ಅಂಜಿದರು. ಎರಡೂ ಕಡೆಯ ನೋವು ನಿಜವಾದದ್ದು. ಇಂಥ ಪ್ರಶ್ನೆಗಳನ್ನು ಒಂದು ವಿಚಾರಣೆಯೊಳಗೆ ಬಗೆಹರಿಸಹೊರಟರೆ ಅದು ಜಗಳವಾಗುತ್ತದೆ. ಇಡೀ ನಾಡಿನ ಕಣ್ಣಿನಿಂದ ನೋಡಿದರೆ ಮಾತ್ರ ನಾಡಭಾಷೆಗೆ ಅಗ್ರಸ್ಥಾನವನ್ನೂ, ಉಳಿದ ನುಡಿಗಳಿಗೆ ಆಶ್ರಯವನ್ನೂ ಒಟ್ಟಿಗೆ ನೀಡುವ ದಾರಿ ಕಾಣುತ್ತದೆ.

ಮತ್ತೆ ಆಫ್ರಿಕದತ್ತ

ನಾವು ಹೀಗೆ ಕೂಡುತ್ತಿದ್ದ ಕಾಲದಲ್ಲಿಯೇ ಆಫ್ರಿಕವೂ ತನ್ನ ಪುರಾತನ ಸಂಪತ್ತನ್ನು ಹುಡುಕಿಕೊಂಡಿತು. 1961ರ ಜುಲೈಯಲ್ಲಿ ಪೂರ್ವ ಆಫ್ರಿಕದ ಧರ್ಮಾಧ್ಯಕ್ಷರು ದಾರೆಸ್ಸಲಾಮಿನಲ್ಲಿ ಕೂಡಿದರು. ಕೀನ್ಯ, ಉಗಾಂಡ, ಟಾಂಗನೀಕ, ಇಂದು ಮಲಾವಿ ಮತ್ತು ಜಾಂಬಿಯಗಳೆನಿಸಿರುವ ನಾಡುಗಳು, ಇವೆಲ್ಲವೂ ಆಗಿನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ಬಾವುಟಗಳು ಬದಲಾಗುವ ಮುನ್ನವೇ ಧರ್ಮಾಧ್ಯಕ್ಷರು ಕೈಗೂಡಿಸಿದರು. ಅಮೇಸಿಯ ಎಂದು ಹೆಸರಾದ ಈ ಒಕ್ಕೂಟವು ಪಾಲನಾ ತರಬೇತಿಗಾಗಿ ಉಗಾಂಡದ ಗಾಬಾದಲ್ಲಿ ಸಂಸ್ಥೆಯೊಂದನ್ನು ತೆರೆಯಿತು. 1984ರಲ್ಲಿ ನೈರೋಬಿಯಲ್ಲಿ ಉನ್ನತ ವಿದ್ಯಾಕೇಂದ್ರವನ್ನು ಸ್ಥಾಪಿಸಿ ಮುಂದೆ ಅದನ್ನು ವಿಶ್ವವಿದ್ಯಾನಿಲಯವಾಗಿ ಬೆಳೆಸಿತು. ನೆರೆಹೊರೆಯ ಕೆಲವೇ ಕುಟುಂಬಗಳು ಒಂದು ಮನೆಯಲ್ಲಿ ಕೂಡಿ ಶುಭಸಂದೇಶವನ್ನು ಓದಿ, ಪರಸ್ಪರ ಕಷ್ಟಸುಖಗಳನ್ನು ವಿಚಾರಿಸಿಕೊಳ್ಳುವ ಕಿರು ಕ್ರೈಸ್ತ ಸಮುದಾಯಗಳನ್ನು 1970ರ ದಶಕದಲ್ಲಿ ತಮ್ಮ ಮುಖ್ಯ ಕಾರ್ಯಕ್ರಮವನ್ನಾಗಿ 'ಅಮೇಸಿಯ' ಧರ್ಮಾಧ್ಯಕ್ಷರು ಸ್ವೀಕರಿಸಿದರು. ಇಂದು ಬೆಂಗಳೂರಿನ ವಿಚಾರಣೆಗಳಲ್ಲಿಯೂ ಈ ಕೂಟಗಳು ಪರಿಚಿತವೇ ಆಗಿವೆ.

1969ರ ಜುಲೈಯಲ್ಲಿ ಇಡೀ ಆಫ್ರಿಕ ಖಂಡದ ಹಾಗೂ ಮಡಗಾಸ್ಕರದ ಧರ್ಮಾಧ್ಯಕ್ಷರ ಮಂಡಳಿಗಳ ಒಕ್ಕೂಟವಾದ 'ಸೆಕಾಮ್' ಉಗಾಂಡದ ಕಂಪಾಲದಲ್ಲಿ ಉದಯಿಸಿತು. ಆಫ್ರಿಕದ ನೆಲದ ಮೇಲೆ ಕಾಲಿಟ್ಟ ಆಧುನಿಕ ಯುಗದ ಮೊದಲ ಜಗದ್ಗುರುಗಳಾದ ಆರನೆಯ ಪೌಲರು ಅಲ್ಲಿಗೆ ಬಂದು, ಆಫ್ರಿಕದವರು ಇನ್ನು ಮೇಲೆ ತಮಗೆ ತಾವೇ ಧರ್ಮಪ್ರಚಾರಕರಾಗಬೇಕೆಂದು ಕರೆಕೊಟ್ಟರು. ಇಂಗ್ಲಿಷ್, ಫ್ರೆಂಚ್, ಪೋರ್ಚುಗೀಸ್ ಎಂಬ ಮೂರು ಸಾಮ್ರಾಜ್ಯಗಳ ಭಾಷೆಗಳು ಹಾಕಿದ್ದ ಬೇಲಿಗಳನ್ನು ದಾಟಿ ಅವರು ಒಂದಾಗಬೇಕಿತ್ತು. ಗೋವೆ, ಪಾಂಡಿಚೇರಿ, ಮದರಾಸುಗಳ ನಡುವೆ ಹರಿದುಹೋಗಿದ್ದ ಕನ್ನಡ ನಾಡಿನ ಚರಿತ್ರೆಯನ್ನು ಬಲ್ಲವರಿಗೆ ಆ ಕಷ್ಟ ಸುಲಭವಾಗಿ ಅರ್ಥವಾದೀತು. ಮಾರನೆಯ ವರ್ಷ, 1970ರಲ್ಲಿ, ಏಷ್ಯದ ಧರ್ಮಾಧ್ಯಕ್ಷರು ಮನಿಲಾದಲ್ಲಿ ಇದೇ ಜಗದ್ಗುರುಗಳ ಸಮ್ಮುಖದಲ್ಲಿ ಸೇರಿ ತಮ್ಮದೇ ಒಕ್ಕೂಟಕ್ಕೆ ನಾಂದಿ ಹಾಡಿದರು.

ಆದರೆ ಆಫ್ರಿಕವು ನಮಗೆ ಕಲಿಸಿದ ಅತ್ಯಂತ ಕಠಿಣವಾದ ಪಾಠ 1994ರದು. ಆ ವರ್ಷ ಏಪ್ರಿಲ್ 10ರಂದು ರೋಮಿನಲ್ಲಿ ಆಫ್ರಿಕ ಕುರಿತಾದ ಧರ್ಮಾಧ್ಯಕ್ಷರ ವಿಶೇಷ ಸಭೆ ಆರಂಭವಾಯಿತು. ಕೆಲವೇ ದಿನಗಳ ಮೊದಲು ರುವಾಂಡದಲ್ಲಿ ಜನಾಂಗಹತ್ಯೆ ತೊಡಗಿತ್ತು. ಆ ದೇಶದ ಧರ್ಮಾಧ್ಯಕ್ಷರು ಸಭೆಗೆ ಬರಲಾಗಲಿಲ್ಲ. ಕಥೋಲಿಕರೇ ಅಧಿಕ ಸಂಖ್ಯೆಯಲ್ಲಿದ್ದ ನಾಡದು. ಒಂದೇ ಪೀಠದಿಂದ ಪರಮಪ್ರಸಾದವನ್ನು ಸ್ವೀಕರಿಸಿದವರು ಹುಟು, ಟುಟ್ಸಿ ಎಂಬ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕೊಂದರು. ಆಶ್ರಯ ಬೇಡಿ ದೇವಾಲಯದೊಳಕ್ಕೆ ಓಡಿಬಂದವರನ್ನೂ ಬಿಡಲಿಲ್ಲ. ಜೂನ್ ತಿಂಗಳಲ್ಲಿ ಕಬ್‌ಗಾಯಿ ಎಂಬಲ್ಲಿ ಮೂವರು ಧರ್ಮಾಧ್ಯಕ್ಷರೇ ಹತರಾದರು. ನಮ್ಮಲ್ಲಿ ಜ್ಞಾನಸ್ನಾನದ ನೀರಿಗಿಂತ ಕುಲದ ರಕ್ತವೇ ಗಟ್ಟಿಯಾಗಿದೆ ಎಂಬ ಅರ್ಥದ ಮಾತನ್ನು ಆಫ್ರಿಕದ ಧರ್ಮಾಧ್ಯಕ್ಷರೊಬ್ಬರು ಆ ಸಭೆಯಲ್ಲಿ ನೋವಿನಿಂದ ಆಡಿದರು. ಧರ್ಮಸಭೆಯು ದೇವರ ಕುಟುಂಬ ಎಂಬ ಭಾವನೆಯನ್ನು ಆ ಸಭೆ ತನ್ನ ಮುಖ್ಯ ಸಂದೇಶವಾಗಿ ಆರಿಸಿಕೊಂಡಿತು. ಆ ಸಭೆಯ ಫಲವಾಗಿ ಜಗದ್ಗುರು ಎರಡನೆಯ ಜಾನ್ ಪೌಲರು 1995ರಲ್ಲಿ ಹೊರಡಿಸಿದ ಪ್ರಬೋಧನ ಪತ್ರದಲ್ಲಿ ಈ ಭಾವನೆಗೆ ಹಿರಿಯ ಸ್ಥಾನ ದೊರೆಯಿತು.

ರುವಾಂಡದಲ್ಲಿ ಧರ್ಮಾಧ್ಯಕ್ಷರ ಮಂಡಳಿ ಇರಲಿಲ್ಲವೇ? ಇತ್ತು. ಮೇಲಿನವರು ಸಭೆ ಸೇರಿದ ಮಾತ್ರಕ್ಕೆ ಕೆಳಗಿನ ಬೆಂಕಿ ಆರುವುದಿಲ್ಲವೆಂಬುದಕ್ಕೆ ಇದಕ್ಕಿಂತ ದಾರುಣ ನಿದರ್ಶನ ಬೇಕಿಲ್ಲ. ನಮ್ಮ ಭಾಷಾವಿವಾದಗಳನ್ನು ಆ ಘೋರ ಕೃತ್ಯದೊಡನೆ ಹೋಲಿಸುವುದು ಸಲ್ಲದು. ಆದರೂ ಜ್ಞಾನಸ್ನಾನದ ನೀರು ನಮ್ಮಲ್ಲಿ ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವ ಬಾಧ್ಯತೆಯಿಂದ ನಾವು ತಪ್ಪಿಸಿಕೊಳ್ಳಲಾರೆವು.

ಇಂದಿನ ಕರ್ನಾಟಕ

ಕರ್ನಾಟಕ ಪ್ರಾಂತೀಯ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯಲ್ಲಿ ಇಂದು 14 ಧರ್ಮಕ್ಷೇತ್ರಗಳಿವೆ. ಬೆಂಗಳೂರು ಮಹಾಧರ್ಮಕ್ಷೇತ್ರ, ಮೈಸೂರು, ಮಂಗಳೂರು, ಬೆಳಗಾವಿ, 1949ರಲ್ಲಿ ಧರ್ಮಕ್ಷೇತ್ರವಾದ ಬಳ್ಳಾರಿ, 1963ರ ಚಿಕ್ಕಮಗಳೂರು, 1976ರ ಕಾರವಾರ, 1988ರ ಶಿವಮೊಗ್ಗ, 2005ರ ಕಲಬುರ್ಗಿ, 2012ರ ಉಡುಪಿ, ಇವು ಹತ್ತು ಲತೀನ್ ಸಂಪ್ರದಾಯದವು. 1999ರ ಬೆಳ್ತಂಗಡಿ, 2007ರ ಭದ್ರಾವತಿ, 2010ರ ಮಂಡ್ಯ, ಇವು ಮೂರು ಸಿರೋ ಮಲಬಾರ್ ಸಂಪ್ರದಾಯದವು. 2010ರ ಪುತ್ತೂರು ಸಿರೋ ಮಲಂಕರ ಸಂಪ್ರದಾಯದ್ದು. ಮೂರು ಸಂಪ್ರದಾಯಗಳ ಧರ್ಮಾಧ್ಯಕ್ಷರು ಒಂದೇ ಮಂಡಳಿಯಲ್ಲಿ ಕೂಡುವುದು ಸಾಮಾನ್ಯ ಸಂಗತಿಯಲ್ಲ.

ಈ ಮಂಡಳಿಯ ಅಧಿಕಾರವೆಷ್ಟು ಎಂಬ ಸಂದೇಹ ಹಲವರಿಗಿದೆ. ಮಂಡಳಿಯು ಧರ್ಮಾಧ್ಯಕ್ಷರ ಮೇಲೆ ಕುಳಿತ ಇನ್ನೊಂದು ಸರಕಾರವಲ್ಲ. ಒಬ್ಬೊಬ್ಬ ಧರ್ಮಾಧ್ಯಕ್ಷರೂ ತಮ್ಮ ಧರ್ಮಕ್ಷೇತ್ರಕ್ಕೆ ತಾವೇ ಹೊಣೆಗಾರರು. ರಾಷ್ಟ್ರಮಟ್ಟದ ಮಂಡಳಿಯೂ ಸಹ ವಿಶ್ವಾಸದ ವಿಷಯದಲ್ಲಿ ಅಧಿಕೃತವಾಗಿ ಬೋಧಿಸಬೇಕಾದರೆ ಎಲ್ಲರ ಒಮ್ಮತ ಬೇಕು, ಇಲ್ಲವೇ ಮೂರರಲ್ಲಿ ಎರಡು ಪಾಲಿನ ಬಹುಮತದ ಜೊತೆಗೆ ರೋಮಿನ ಮನ್ನಣೆ ಬೇಕು ಎಂದು ಜಗದ್ಗುರು ಎರಡನೆಯ ಜಾನ್ ಪೌಲರು 1998ರಲ್ಲಿ ವಿಧಿಸಿದರು. ಆದುದರಿಂದ ಪ್ರಾಂತೀಯ ಮಂಡಳಿಯ ನಿಜವಾದ ಬಲವು ಆಜ್ಞೆಯಲ್ಲಿಲ್ಲ. ಮನವೊಲಿಸುವಿಕೆಯಲ್ಲಿ, ಹಂಚಿಕೊಳ್ಳುವಿಕೆಯಲ್ಲಿ ಇದೆ. ದೈವಾರಾಧನೆ, ಬೈಬಲ್, ಧರ್ಮೋಪದೇಶ, ಯುವಜನ, ಕುಟುಂಬ, ಶಿಕ್ಷಣ, ಕಾರ್ಮಿಕರು, ದಲಿತರು ಮುಂತಾದ ವಿಷಯಗಳಿಗೆ ಒಂದೊಂದು ಆಯೋಗವಿದ್ದು, ಒಬ್ಬೊಬ್ಬ ಧರ್ಮಾಧ್ಯಕ್ಷರು ಅದರ ಹೊಣೆ ಹೊರುತ್ತಾರೆ. ಧರ್ಮಕ್ಷೇತ್ರಗಳ ಸಮಾಜಸೇವಾ ಸಂಸ್ಥೆಗಳನ್ನು ಒಗ್ಗೂಡಿಸುವ ಪ್ರಾಂತೀಯ ಸಂಸ್ಥೆಯೊಂದು 'ಕ್ರಾಸ್' ಎಂಬ ಹೆಸರಿನಿಂದ ಕೆಲಸ ಮಾಡುತ್ತಿದೆ.

ಸಹಕಾರದ ಇನ್ನೊಂದು ಗುರುತನ್ನು ಚರಿತ್ರೆಯ ವಿದ್ಯಾರ್ಥಿ ಗಮನಿಸದೆ ಇರಲಾರನು. 1986ರಿಂದ ಈಚೆಗೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದ ನಾಲ್ವರೂ ಮೊದಲು ಕರ್ನಾಟಕದ ಇನ್ನೊಂದು ಧರ್ಮಕ್ಷೇತ್ರವನ್ನು ಪಾಲಿಸಿ ಬಂದವರು. ಅಲ್ಫೋನ್ಸ್ ಮಥಾಯಸ್ ಅವರು ಚಿಕ್ಕಮಗಳೂರಿನಿಂದ, ಇಗ್ನೇಷಿಯಸ್ ಪಿಂಟೊ ಅವರು ಶಿವಮೊಗ್ಗದಿಂದ, ಬರ್ನಾರ್ಡ್ ಮೊರಾಸ್ ಮತ್ತು 2018ರಲ್ಲಿ ಬಂದ ಪೀಟರ್ ಮಚಾದೊ ಅವರು ಬೆಳಗಾವಿಯಿಂದ. ಮಲೆನಾಡಿನ ಹಳ್ಳಿಗಳನ್ನೂ, ಉತ್ತರ ಕರ್ನಾಟಕದ ಬರವನ್ನೂ ಕಂಡುಬಂದ ಕಣ್ಣುಗಳು ರಾಜಧಾನಿಯನ್ನು ಬೇರೆ ರೀತಿಯಲ್ಲಿ ನೋಡುತ್ತವೆ.

ಒಗ್ಗಟ್ಟು ಸುಖದ ದಿನಗಳಲ್ಲಿ ಪರೀಕ್ಷೆಗೆ ಒಳಗಾಗುವುದಿಲ್ಲ. 2008ರ ಸೆಪ್ಟೆಂಬರ್ 14ರಂದು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದಾಗ, ಮಂಗಳೂರಿನಲ್ಲಿ ಕನ್ಯಾಸ್ತ್ರೀಯರ ಆರಾಧನಾ ಮಠವೂ ಅಪವಿತ್ರವಾದಾಗ, ಅದು ಮಂಗಳೂರಿನ ನೋವು ಮಾತ್ರ ಎಂದು ಯಾರೂ ಹೇಳಲಿಲ್ಲ. ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರು ಇಡೀ ನಾಡಿನ ಕ್ರೈಸ್ತರ ಸಂಕಟವನ್ನು ಮುಖ್ಯಮಂತ್ರಿಗಳ ಎದುರಿನಲ್ಲಿಯೇ ತಿಳಿಸಿದರು. 2021ರ ಸೆಪ್ಟೆಂಬರಿನಲ್ಲಿ ಮತಾಂತರ ನಿಷೇಧ ಕಾಯಿದೆಯ ಪ್ರಸ್ತಾಪ ಬಂದಾಗಲೂ ಮಹಾಧರ್ಮಾಧ್ಯಕ್ಷ ಪೀಟರ್ ಮಚಾದೊ ಅವರ ನೇತೃತ್ವದಲ್ಲಿ ಕರ್ನಾಟಕದ ಧರ್ಮಾಧ್ಯಕ್ಷರು ಜೊತೆಗೂಡಿ ಮುಖ್ಯಮಂತ್ರಿಗಳಿಗೆ ಮನವಿ ಪತ್ರವನ್ನು ಸಲ್ಲಿಸಿದರು. ಒಬ್ಬರ ದನಿ ಅರಣ್ಯರೋದನವಾಗಬಹುದಾದಲ್ಲಿ ಹಲವರ ದನಿ ಕಿವಿಗೆ ಬೀಳುತ್ತದೆ.

ನಮ್ಮ ಪಾಲಿನ ಕರ್ತವ್ಯ

2021ರಿಂದ 2024ರವರೆಗೆ ಜಗದ್ಗುರು ಫ್ರಾನ್ಸಿಸ್ ಅವರ ಕರೆಯಂತೆ ಇಡೀ ಧರ್ಮಸಭೆಯು ಜೊತೆಗೂಡಿ ನಡೆಯುವ ದಾರಿಯನ್ನು ಕುರಿತು ಚಿಂತಿಸಿತು. 2023ರಲ್ಲಿ ಆಫ್ರಿಕದವರು ಆಡಿಸ್ ಅಬಾಬದಲ್ಲಿಯೂ, ಏಷ್ಯದವರು ಬ್ಯಾಂಕಾಕಿನಲ್ಲಿಯೂ ಖಂಡಮಟ್ಟದಲ್ಲಿ ಸೇರಿದರು. ಈ ಬಾರಿ ಧರ್ಮಾಧ್ಯಕ್ಷರ ಮಾತಿನ ಜೊತೆಗೆ ವಿಚಾರಣೆಗಳ ಭಕ್ತರ ಮಾತಿಗೂ ಕಿವಿಗೊಡಲಾಯಿತು. ಧರ್ಮಾಧ್ಯಕ್ಷರ ಸಹಕಾರವೆಂಬ ಮರಕ್ಕೆ ವಿಚಾರಣೆಯೇ ಬೇರು ಎಂಬ ಅರಿವು ಇದರಲ್ಲಿದೆ.

ಹಾಗಾದರೆ ನಾವು ಮಾಡಬೇಕಾದುದೇನು? ಬೇರೆ ಧರ್ಮಕ್ಷೇತ್ರದಿಂದ ಬಂದು ನಮ್ಮ ಬೀದಿಯಲ್ಲಿ ಬಾಡಿಗೆಗೆ ನೆಲೆಸಿದ ಕುಟುಂಬವನ್ನು ಹೊರಗಿನವರೆಂದು ಎಣಿಸದೆ ಕಿರು ಸಮುದಾಯಕ್ಕೆ ಕರೆತರಬೇಕು. ಮನೆಯಲ್ಲಿ ಯಾವ ಭಾಷೆಯೇ ಇರಲಿ, ಮಕ್ಕಳು ಕನ್ನಡದಲ್ಲಿ ಪ್ರಾರ್ಥಿಸಲು ಕಲಿಯಬೇಕು. ಕನ್ನಡಿಗರಾದ ನಾವು ಉಳಿದವರ ತಾಯ್ನುಡಿಯ ಪ್ರಾರ್ಥನೆಯನ್ನು ಗೌರವದಿಂದ ಆಲಿಸಬೇಕು. ಗುರುಗಳೂ ಹಣವೂ ವಿರಳವಾಗಿರುವ ಕಲಬುರ್ಗಿ, ಬಳ್ಳಾರಿಗಳಂಥ ಧರ್ಮಕ್ಷೇತ್ರಗಳನ್ನು ನಮ್ಮ ಕಾಣಿಕೆಯಲ್ಲಿಯೂ ಪ್ರಾರ್ಥನೆಯಲ್ಲಿಯೂ ನೆನೆಯಬೇಕು. ಒಬ್ಬ ಮಗನನ್ನೋ ಮಗಳನ್ನೋ ದೇವರು ಕರೆದರೆ, ಆ ಕರೆ ಬೆಂಗಳೂರಿಗೆ ಮಾತ್ರ ಮೀಸಲೆಂದು ತಿಳಿಯಬಾರದು. 1845ರಲ್ಲಿ ಹುಟ್ಟಿದ ಮಂಗಳೂರಿನ ಪ್ರಾಂತ್ಯವೂ, 1850ರಲ್ಲಿ ಹುಟ್ಟಿದ ಮೈಸೂರಿನ ಪ್ರಾಂತ್ಯವೂ ಬೇರೆ ನಾಡುಗಳ ತಾಯಂದಿರು ಕಳುಹಿಸಿಕೊಟ್ಟ ಮಕ್ಕಳಿಂದ ಬೆಳೆದುವೆಂಬುದನ್ನು ನೆನಪಿನಲ್ಲಿಟ್ಟವರಿಗೆ ಇದು ಭಾರವೆನಿಸದು.

ಕಾರ್ಥೇಜಿನಲ್ಲಿ 87 ಮಂದಿ ಕೂಡಿದ ನಾಡಿನಲ್ಲಿ ಕೆಲವು ಶತಮಾನಗಳ ತರುವಾಯ ಕ್ರೈಸ್ತಧರ್ಮದ ಕುರುಹುಗಳೇ ಅಪರೂಪವಾದವು. ಹೊರಗಿನ ಆಕ್ರಮಣ ಒಂದು ಕಾರಣ. ಅದಕ್ಕೆ ಮೊದಲೇ ಒಳಗಿನ ಬಿರುಕು ಆ ಧರ್ಮಸಭೆಯನ್ನು ನೂರು ವರ್ಷಕ್ಕೂ ಮಿಗಿಲಾಗಿ ಎರಡಾಗಿ ಸೀಳಿತ್ತು. ಸಂತ ಅಗಸ್ತೀನರು ತಮ್ಮ ಆಯುಷ್ಯದ ಬಹುಭಾಗವನ್ನು ಆ ಬಿರುಕನ್ನು ಬೆಸೆಯುವುದರಲ್ಲಿಯೇ ಕಳೆದರು. ನೂರು ವರ್ಷಗಳನ್ನು ಕಂಡ ದೇವಾಲಯವೊಂದರ ಮಕ್ಕಳಾದ ನಮಗೆ ಈ ಎಚ್ಚರಿಕೆ ಸಾಕು. ಮುಂದಿನ ನೂರು ವರ್ಷಗಳ ಬಾಳಿಕೆಯು ಕಲ್ಲು ಗಾರೆಗಳಿಗಿಂತ ಹೆಚ್ಚಾಗಿ, ಪಕ್ಕದ ಪೀಠದಲ್ಲಿ ಮೊಣಕಾಲೂರಿದವರನ್ನು ನಾವು ಯಾರೆಂದು ತಿಳಿಯುತ್ತೇವೆ ಎಂಬುದನ್ನು ಅವಲಂಬಿಸಿದೆ. ನಮ್ಮೆಲ್ಲರ ಪಾಲಕರಾದ ಒಳ್ಳೆಯ ಕುರಿಗಾಹಿಯು ನಮ್ಮನ್ನು ಒಂದೇ ಮಂದೆಯಾಗಿ ಉಳಿಸಲಿ.